ಸರಿಯಾಗಿ ತೊಳೆಯದ ನಳಿಕೆ

ನಿಮ್ಮ ಪುಡಿ ಸೋಲಲಿಲ್ಲ, ವಿಶಾಲಾಕ್ಷಿ. ಅದನ್ನು ಸೋಲಿಸಿದವನು ನಾನು — ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡವನೂ ನಾನೇ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಆ ಪುಟ್ಟ ಖಾಸಗಿ ಪ್ರಯೋಗಾಲಯದಲ್ಲಿ ನಾವಿಬ್ಬರೇ ಕೆಮಿಸ್ಟ್‌ಗಳು. ನೀರಿನಲ್ಲಿ ಕರಗಬೇಕು, ಕರಗಿದ ಮೇಲೂ ತಾಮ್ರವನ್ನು ಬಿಗಿಯಾಗಿ ಹಿಡಿದಿರಬೇಕು — ಅಂಥ ಅಣು ಬೇಕೆಂದು ಯಜಮಾನರ ಹಟ. ನನ್ನ ಪುಡಿಗಳು ತಾಮ್ರವನ್ನೇನೋ ಹಿಡಿಯುತ್ತಿದ್ದವು, ನೀರು ಕಂಡರೆ ಮಾತ್ರ ಮುಷ್ಕರ. ನೀವು ಅಣುವಿನ ತುದಿಗೆ ನೀರನ್ನು ಮೆಚ್ಚುವ ಸಲ್ಫೋನಿಕ್ ಗುಂಪೊಂದನ್ನು ಜೋಡಿಸಿದಿರಿ. "ಈ ತುದಿ ನೀರಿಗೆ, ಆ ತುದಿ ತಾಮ್ರಕ್ಕೆ. ಜಗಳಾನೇ ಇಲ್ಲ ನೋಡಿ," ಎಂದಿರಿ. ಎಷ್ಟು ಸರಳ — ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಯಜಮಾನರ ಮುಂದೆ ಪುಡಿ ಕರಗಿತು. ತಾಮ್ರದ ಹನಿ ಬಿದ್ದೊಡನೆ, ಅದನ್ನು ಹಿಡಿದ ಗುರುತಾಗಿ, ನೇರಳೆ ಬಣ್ಣ ಎದ್ದು, ನೋಡನೋಡುತ್ತ ಮಾಸಿಹೋಯಿತು. "ಹಿಡಿತ ಇಲ್ಲಮ್ಮ ಇದಕ್ಕೆ. ಸೋಮವಾರದಿಂದ ಬರೋದು ಬೇಡ," ಎಂದರು. ನೀವು ಅಂಗೈ ನೋಡಿಕೊಂಡು, "ನನ್ನ ಕೈಗುಣಾನೇ ಸರಿಯಿಲ್ಲ," ಎಂದಿರಿ.

ನೀವು ಮೆಟ್ಟಿಲಿಳಿದ ಮೇಲೆ ನನಗೆ ಹೊಳೆಯಿತು. ಬಾವಿನೀರಿನ ಕೆಂಪು ಕಲೆ ಹೋಗಲೆಂದು ಗಾಜಿನ ನಳಿಕೆಗಳನ್ನು ಒಂದು ರಾಸಾಯನಿಕ ಉಪ್ಪಿನ ನೀರಿನಲ್ಲಿ ನೆನೆಸಿಡುತ್ತಿದ್ದೆವಲ್ಲ — ಆ ಉಪ್ಪೂ ಲೋಹ ಹಿಡಿಯುವಂಥದ್ದೇ, ಮಹಾ ಹೊಟ್ಟೆಬಾಕ. ಬಟ್ಟಿ ಇಳಿಸಿದ ನೀರು ಉಳಿಯಲೆಂದು ನಿಮ್ಮ ನಳಿಕೆಯನ್ನು ನಾನು ಒಂದೇ ಸಲ ಜಾಲಿಸಿದ್ದೆ. ಉಳಿದಿದ್ದ ಉಪ್ಪು ನಿಮ್ಮ ತಾಮ್ರವನ್ನು ಕಸಿದುಕೊಂಡಿತ್ತು. ಚೆನ್ನಾಗಿ ತೊಳೆದು ಮತ್ತೆ ಮಾಡಿದೆ. ನೇರಳೆ ನಿಂತಿತು. ಕುದಿಸಿದೆ — ಆಗಲೂ ನಿಂತೇ ಇತ್ತು. ಕುಣಿಯುವಷ್ಟು ಖುಷಿ ನನಗೆ. ನಿಮ್ಮನ್ನು ಕೂಗಲು ಕಿಟಕಿಗೆ ಓಡಿದೆ. ಬಸ್ ಸ್ಟಾಪಿನಲ್ಲಿ ನೀವಿನ್ನೂ ನಿಂತಿದ್ದಿರಿ. ಅಷ್ಟರಲ್ಲಿ ಯಜಮಾನರು ಬಂದು ನಳಿಕೆ ಎತ್ತಿ ನೋಡಿದರು.

"ಏನ್ರೀ ಮಾಡಿದ್ರಿ ಇದಕ್ಕೆ?"

"ಸ್ವಲ್ಪ ಬದಲಾಯಿಸ್ದೆ ಸಾರ್."

ಬದಲಾಯಿಸಿದ್ದು ನಳಿಕೆ ತೊಳೆದ ರೀತಿಯನ್ನು ಮಾತ್ರ. ಬಸ್ಸು ಬಂತು, ನೀವು ಹತ್ತಿದಿರಿ, ನಾನು ಕೂಗಲಿಲ್ಲ.

ಆ ಪುಡಿಯಿಂದ ನನಗೆ ಹೆಸರು ಬಂತು. ನೀವು ಮತ್ತೆ ಯಾವ ಪ್ರಯೋಗಾಲಯಕ್ಕೂ ಕಾಲಿಡಲಿಲ್ಲವಂತೆ. ನೇರಳೆ ಹಣ್ಣು ತಿಂದ ಮೊಮ್ಮಗಳು ನಾಲಿಗೆ ತೋರಿಸಿದರೆ ಇವತ್ತಿಗೂ ನನ್ನ ಎದೆ ಹಾರುತ್ತದೆ — ಮೊದಲು ಸಂತೋಷಕ್ಕೆ, ಆಮೇಲೆ —

ನೀವು ಇಲ್ಲೇ ಜಯನಗರದ ಪಕ್ಕದ ಸಾರಕ್ಕಿಯಲ್ಲಿ ಇದ್ದೀರೆಂದು ತಿಳಿಯಿತು. ನಾಳೆ ಬರುತ್ತೇನೆ. ಕೈಗುಣ ಕೆಟ್ಟಿದ್ದು ನನ್ನದೆಂದು ನಿಮ್ಮೆದುರೇ ಹೇಳಬೇಕು. ನಿಮ್ಮ ಪುಡಿ ಒಂದು ಚಿಟಿಕೆ ನನ್ನಲ್ಲಿ ಉಳಿದಿದೆ; ತಾಮ್ರದ ನೀರನ್ನೂ ನಳಿಕೆಯನ್ನೂ ತರುತ್ತೇನೆ. ನಳಿಕೆಯನ್ನು ಮಾತ್ರ ನೀವೇ ತೊಳೆಯಿರಿ.