ಎರಡು ವಾರದ ಗಡುವು

ಆಸ್ಪತ್ರೆಯ ನರ್ಸುಗಳು ಅವಳಿಗೆ ಇಟ್ಟ ಹೆಸರು ಬೀಗದಕ್ಕ. ಏಡ್ಸ್ ಚಿಕಿತ್ಸಾ ವಿಭಾಗದ ಮನಶ್ಶಾಸ್ತ್ರಜ್ಞೆ. ಎಕ್ಸ್‌ರೇ ಕೋಣೆಯ ಪಕ್ಕದ ಇಕ್ಕಟ್ಟಾದ ರೂಮಿನಲ್ಲಿ ಹದಿನೆಂಟು ವರ್ಷ ಕೂತು, ಬಂದವರ ಗುಟ್ಟುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡವಳು. ಟೀ ಕುಡಿಯುವಾಗ ಎಷ್ಟು ಕೆದಕಿದರೂ ಒಂದು ಸೊಲ್ಲು ಹೊರಬೀಳುತ್ತಿರಲಿಲ್ಲ. "ನಿನ್ನ ವಯಸ್ಸೆಷ್ಟು ಅಂತ ಗಂಡನಿಗಾದ್ರೂ ಹೇಳಿದ್ದೀಯೇನೇ?" ಎಂದು ಹೆಡ್ ನರ್ಸ್ ಕಾಲೆಳೆಯುತ್ತಿದ್ದಳು.

ಅವಳನ್ನು ಪೇಚಿಗೆ ಸಿಕ್ಕಿಸಿದವನು ಒಬ್ಬ ಬಸ್ ಡ್ರೈವರ್. ಸೋಂಕು ಇದೆಯೆಂದು ಗೊತ್ತಾಗಿ ತಿಂಗಳಾಗಿತ್ತು. ಮಾತ್ರೆ ಶುರುಮಾಡಿದ್ದ, ಹೆಂಡತಿಯ ಹತ್ತಿರ ಸುಳಿಯುತ್ತಿರಲಿಲ್ಲ, ಆದರೆ ತುಟಿ ಬಿಚ್ಚಿರಲೂ ಇಲ್ಲ. "ನಾಳೆ ಹೇಳ್ತೀನಿ ಮೇಡಂ" ಅನ್ನುತ್ತಲೇ ದಿನ ದೂಡುತ್ತಿದ್ದ.

ಒಂದು ಬೆಳಿಗ್ಗೆ ಆ ಹೆಂಡತಿಯೇ ಬಂದಳು. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳು; ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

"ನಮ್ಮ ಯಜಮಾನರ ಜೇಬಲ್ಲಿ ಈ ರೂಮಿನ ನಂಬರ್ ಬರೆದ ಚೀಟಿ ಸಿಕ್ತು. ಏನಾಗಿದೆ ಅವರಿಗೆ?"

"ಇಲ್ಲಿ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲಮ್ಮ. ನಿಮ್ಮ ವಿಷಯ ಆದ್ರೆ ಕೂತ್ಕೊಳ್ಳಿ, ಎಷ್ಟು ಹೊತ್ತಾದ್ರೂ ಮಾತಾಡೋಣ."

"ನೀವೂ ಒಂದು ಹೆಣ್ಣೇ ಅಲ್ವಾ?" ಎಂದವಳೇ ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ಆ ಮಾತು ಬೀಗದಕ್ಕನ ಕರುಳಿಗೇ ನಾಟಿತು. ಹೇಳಿದರೆ ನಂಬಿದವನಿಗೆ ದ್ರೋಹ. ಹೇಳದಿದ್ದರೆ ಏನೂ ಅರಿಯದವಳ ಜೀವಕ್ಕೆ ಅಪಾಯ. ಹೆಸರು ಎತ್ತದೆ ಹಿರಿಯ ಡಾಕ್ಟರ ಜೊತೆ ಚರ್ಚಿಸಿ, ಡ್ರೈವರನ್ನು ಕರೆಸಿದಳು.

"ನಿಮ್ಮ ಬೆನ್ನ ಹಿಂದೆ ನಾನೇನೂ ಮಾಡಲ್ಲ. ಆದ್ರೆ ಎರಡು ವಾರದಲ್ಲಿ ನೀವು ಹೇಳದಿದ್ರೆ, ನಿಮಗೆ ತಿಳಿಸಿಯೇ ಡಾಕ್ಟರು ನಿಮ್ಮ ಹೆಂಡತಿಗೆ ಹೇಳ್ತಾರೆ."

ಅವನು ಅತ್ತ. "ಬಾಯೇ ಬರಲ್ಲ ಮೇಡಂ."

"ಇಲ್ಲೇ ಹೇಳಿ ನೋಡಿ. ನಾನೇ ನಿಮ್ಮ ಮನೆಯವರು ಅಂದ್ಕೊಳ್ಳಿ."

"ಅವಳಿಗೆ ನಿಮ್ಮಷ್ಟು ತಾಳ್ಮೆ ಇಲ್ಲ," ಎಂದ ಕಣ್ಣೊರೆಸಿಕೊಳ್ಳುತ್ತ. ಇಬ್ಬರಿಗೂ ನಗು ಬಂತು. ಆಮೇಲೆ ಹೇಳಿದ, ಮೂರು ಸಲ.

ಹತ್ತನೇ ದಿನ ಗಂಡಹೆಂಡಿರು ಒಟ್ಟಿಗೆ ಬಂದರು. ತೊದಲುತ್ತ, ತಲೆ ಎತ್ತದೆ, ಅವನೇ ಎಲ್ಲ ಹೇಳಿದ. ಅವಳು ಅವನನ್ನು ಹೊರಗೆ ಕಳಿಸಿದಳು.

"ಆವತ್ತೇ ನಿಮಗೆ ಗೊತ್ತಿತ್ತು."

"ಗೊತ್ತಿತ್ತಮ್ಮ."

"ನಾನು ಹಾಗೆ ಬಾಗಿಲು ಬಡಿದ್ರೂ ಹೇಳಲಿಲ್ಲ." ಅವಳು ಉಸಿರೆಳೆದುಕೊಂಡಳು. "ಹಾಗಾದ್ರೆ ನಾನು ಹೇಳೋದೂ ಇಲ್ಲೇ ಇರುತ್ತೆ."

ಆ ಮಧ್ಯಾಹ್ನವೆಲ್ಲ ಅವಳು ಸಿಟ್ಟು, ಹೆದರಿಕೆ, ಅಳು ಒಂದನ್ನೂ ಉಳಿಸಿಕೊಳ್ಳದೆ ಮಾತಾಡಿದಳು.

ರಕ್ತಪರೀಕ್ಷೆಯಲ್ಲಿ ಅವಳಿಗೆ ಸೋಂಕಿರಲಿಲ್ಲ. ಮೂರು ತಿಂಗಳ ಮೇಲೆ ನೋಡಿದಾಗಲೂ ಇರಲಿಲ್ಲ. ಗಂಡನನ್ನು ಕ್ಷಮಿಸಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಮಾತ್ರೆಯ ಹೊತ್ತಿಗೆ ಮಾತಿಲ್ಲದೆ ನೀರಿನ ಲೋಟ ಕುಕ್ಕುತ್ತಿದ್ದಳಂತೆ.

"ಮೊನ್ನೆಯಿಂದ ಮೆತ್ತಗೆ ಇಡ್ತಿದ್ದಾಳೆ ಮೇಡಂ," ಎಂದು ಡ್ರೈವರ್ ಒಂದು ದಿನ ಮುಖ ಅರಳಿಸಿಕೊಂಡು ಬಂದು ಹೇಳಿದ.