ಸುಮಕ್ಕನ ಹೆಸರು ಬರೆದ ಡಬ್ಬಿ

ಎದೆಯ ಎಕ್ಸ್‌ರೇ ಫೋಟೋ ತೆಗೆಸಬೇಕೆಂದರೆ ಬಾಣಾವರದವರು ಅರಸೀಕೆರೆಗೇ ಹೋಗಬೇಕಾಗಿದ್ದ ದಿನಗಳವು. ನಮ್ಮ ಬೀದಿಗೆಲ್ಲ ಸೇರಿ ಎರಡೋ ಮೂರೋ ಮೊಬೈಲ್ ಫೋನುಗಳಿದ್ದವು. ಮಾಗಿಯ ಚಳಿ ಬಿತ್ತೆಂದರೆ ಬೀದಿಯ ತುಂಬ ಅವರೆಕಾಯಿಯ ಸೊಗಡು. ಮಧ್ಯಾಹ್ನ ಹೆಂಗಸರು ಜಗಲಿಯ ಮೇಲೆ ಕೂತು ನೆನೆದ ಕಾಳು ಹಿದುಕುತ್ತಿದ್ದರು. ನಾವು ಮಕ್ಕಳು ನಾಲ್ಕು ಕಾಳು ಎತ್ತಿಕೊಂಡು ಒಬ್ಬರ ಮುಖಕ್ಕೊಬ್ಬರು ಚಿಮ್ಮಿಸಿ, ಬೈಸಿಕೊಂಡು, ಕುಂಟಾಬಿಲ್ಲೆ ಆಡಿ, ಸಂಜೆಯ ರೈಲಿನ ಕೂಗು ಕೇಳಿದ ಮೇಲೆ ಮನೆ ಸೇರುತ್ತಿದ್ದೆವು. ನನಗೆ ಹತ್ತು ವರ್ಷ. ಅಕ್ಕ ಸುಮಿತ್ರಾಗೆ ಹತ್ತೊಂಬತ್ತು. ನನಗೆ ಅವಳು ಸುಮಕ್ಕ.

ಅಪ್ಪ ಮಂಡಿಯೊಂದರಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಅದಕ್ಕೆ ಎರಡು ವರ್ಷ ಮುಂಚೆ ಅವನಿಗೆ ಕ್ಷಯ ಬಂದಿತ್ತು. ಊರಿನ ಆರೋಗ್ಯ ಕಾರ್ಯಕರ್ತೆ ಜಯಕ್ಕ ಎದುರಿಗೆ ನಿಂತು, ಬಾಯಿ ತೆರೆಸಿ ನೋಡಿ, ಒಂದೂ ತಪ್ಪದಂತೆ ಮಾತ್ರೆ ನುಂಗಿಸಿದ್ದಳು. ಅಪ್ಪ ಹುಷಾರಾದ. ಆದರೆ ಒಂದೇ ಮನೆಯಲ್ಲಿ ಉಂಡು ಮಲಗಿದವರನ್ನೆಲ್ಲ ಪರೀಕ್ಷೆ ಮಾಡಲೇಬೇಕು ಎಂದು ಜಯಕ್ಕ ಹಟ ಹಿಡಿದಳು. ನನಗೂ ಅವ್ವನಿಗೂ ಏನೂ ಇರಲಿಲ್ಲ. ಸುಮಕ್ಕನ ಫೋಟೋ ಮಾತ್ರ ಮಸುಕಾಗಿ ಬಂತು. ಇನ್ನೊಮ್ಮೆ ತೆಗೆಸಿದರು. ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೆಗೆಸಿದಾಗ ಡಾಕ್ಟರು, "ಒಂದು ಸಣ್ಣ ನೆರಳಿದೆ, ಹಳೇದೂ ಇರಬಹುದು. ಕೆಮ್ಮು ಬಂದರೆ ತಕ್ಷಣ ಬನ್ನಿ," ಎಂದು ಕಳಿಸಿದ್ದರು.

ಆ ಮಾಗಿಯಲ್ಲಿ ಕೆಮ್ಮು ಬಂತು. ಅವ್ವ ಮೆಣಸಿನ ಕಷಾಯ ಕಾಯಿಸಿ ಕೊಟ್ಟಳು. ವಾರ ಮೂರಾದರೂ ನಿಲ್ಲಲಿಲ್ಲ. ಜಯಕ್ಕನೇ ನಮ್ಮನ್ನೆಲ್ಲ ಬಸ್ಸು ಹತ್ತಿಸಿಕೊಂಡು ಅರಸೀಕೆರೆಗೆ ಹೊರಟಳು. ಡಾಕ್ಟರು ಹಳೆಯ ಮೂರು ಫಿಲ್ಮುಗಳನ್ನೂ ನೋಡಿ, "ಇವತ್ತು ಇನ್ನೊಂದು ತೆಗೆಸಿ," ಎಂದರು.

ಅವ್ವ ಕುರ್ಚಿಯಿಂದ ಎದ್ದೇಬಿಟ್ಟಳು. "ನಾಕನೇ ಸಲಾನಾ? ಆಗಕ್ಕಿಲ್ಲ ಸಾಮಿ. ಮದುವೆ ಆಗ್ಬೇಕಾದ ಹೆಣ್ಣು ಮಗ ಅದು. ಆ ಕರೆಂಟನ್ನ ಎಷ್ಟು ಸಲ ಅಂತ ಹೊಡೆಸ್ಲಿ?"

ಅವ್ವನ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬಿಕ್ಕೋಡಿನಲ್ಲಿದ್ದ ಅವಳ ಅಣ್ಣನ ಹೆಂಡತಿಗೆ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಕರೆಂಟು ಕೊಡಿಸಿದ್ದರು. ಕೊನೆಯ ದಿನಗಳಲ್ಲಿ ಅವರ ಸೇವೆ ಮಾಡಿದವಳು ಅವ್ವ. ಕರೆಂಟು ಕೊಟ್ಟ ಜಾಗದ ಚರ್ಮ ಸುಟ್ಟು ಕಪ್ಪಾಗಿದ್ದುದನ್ನು ಅವಳು ಕೈಯಾರೆ ತೊಳೆದಿದ್ದಳು. ಎಕ್ಸ್‌ರೇ ಎಂದರೂ ಅವಳಿಗೆ ಅದೇ.

ಡಾಕ್ಟರು ಸಿಟ್ಟಾಗಲಿಲ್ಲ. "ಅದೇ ಬೇರೆ, ಇದೇ ಬೇರೆ ಕಣಮ್ಮ. ಅದು ರೋಗ ಸುಡೋದಕ್ಕೆ ಕೊಡೋದು. ಇದರಲ್ಲಿ ಮೈಗೆ ಕಿರಣ ತಾಗೋದು ತುಂಬಾ ಸ್ವಲ್ಪ. ನಾವು ಒಂದಷ್ಟು ದಿನ ಸುಮ್ನೆ ಓಡಾಡಿಕೊಂಡಿದ್ರೂ ನೆಲದಿಂದ, ಗಾಳಿಯಿಂದ ಅಷ್ಟು ತಾಗುತ್ತೆ. ಬೇಡದೆ ಇದ್ರೆ ನಾನೂ ತೆಗೆಸಿ ಅನ್ನಲ್ಲ. ಈಗ ಬೇಕು."

"ನಿಮ್ ಮಗಳಾಗಿದ್ರೆ ತೆಗೆಸ್ತಿದ್ರಾ?"

"ಇವತ್ತೇ ತೆಗೆಸ್ತಿದ್ದೆ."

ಅವ್ವ ಕೇಳಲಿಲ್ಲ. ಅವಳು ಬೇಡ ಎಂದರೆ ಅಪ್ಪನೂ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೆ ಡಾಕ್ಟರು, "ಕಫನಾದರೂ ಪರೀಕ್ಷೆ ಮಾಡಿಸಿ, ಅದಕ್ಕೇನೂ ಭಯ ಇಲ್ಲವಲ್ಲ," ಎಂದು ಚೀಟಿ ಬರೆದರು. ಜಯಕ್ಕ ಮುಚ್ಚಳವಿದ್ದ ಎರಡು ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಸುಮಕ್ಕನ ಹೆಸರು ಬರೆದುಕೊಟ್ಟಳು. ಬೆಳಿಗ್ಗೆ ಎದ್ದ ತಕ್ಷಣ, ಎದೆಯಾಳದಿಂದ ಕೆಮ್ಮಿ ಉಗಿಯಬೇಕು, ನಾಳೆಯೊಂದು ನಾಡಿದ್ದೊಂದು.

ಆ ಹೊತ್ತಿಗೆ ಸುಮಕ್ಕನಿಗೆ ಒಂದು ಕೆಲಸ ಸಿಕ್ಕಿತ್ತು. ನಮ್ಮೂರಿಗೆ ಎರಡು ಮೈಲಿ ದೂರದ ಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿ. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಕೆಲಸಕ್ಕೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟದ್ದು ಅದೇ ಮೊದಲು. ಸಂಜೆ ಬಂದರೆ ಅಲ್ಲಿನ ಮಕ್ಕಳದೇ ಮಾತು. ಅದರಲ್ಲೂ ಪುಟ್ಟಲಕ್ಷ್ಮಿ ಎನ್ನುವ ಮೂರು ವರ್ಷದ ಹುಡುಗಿ ಅವಳ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲವಂತೆ. ಉಪ್ಪಿಟ್ಟನ್ನು ಸುಮಕ್ಕನೇ ಊದಿ ಊದಿ ತಿನ್ನಿಸಬೇಕಂತೆ.

ಡಬ್ಬಿ ಕೊಟ್ಟ ಮರುದಿನ ಬೆಳಿಗ್ಗೆ ಅವಳು ನನ್ನನ್ನು ಬಚ್ಚಲುಮನೆಗೆ ಕರೆದಳು. ಒಲೆಯಲ್ಲಿ ತೆಂಗಿನ ಮಟ್ಟೆ ಹೊಗೆಯಾಡುತ್ತಿತ್ತು. ಆ ವಾರ ನನಗೆ ಜೋರು ನೆಗಡಿ, ಕೆಮ್ಮಿದರೆ ಎದೆಯಲ್ಲಿ ಗೊರಗೊರ.

"ಮಂಜೀ, ಇದರಾಗೆ ಉಗಿ," ಎಂದು ಡಬ್ಬಿ ಮುಂದೆ ಹಿಡಿದಳು.

"ನಿನ್ ಹೆಸರೈತಲ್ಲಕ್ಕ?"

"ಅದಕ್ಕೇ ಕಣೇ. ನಂದ್ರಾಗೆ ಏನಾರ ಅಂತ ಬಂದ್ರೆ ನಾಳೆಯಿಂದ್ಲೇ ಅಂಗನವಾಡಿಗೆ ಬರಬೇಡ ಅಂತಾರೆ. ಅಪ್ಪನ್ನ ಜನ ಹೆಂಗ್ ನೋಡಿದ್ರು, ಮರೆತ್ಯಾ? ಇದು ಬರೀ ಚಳಿ ಕೆಮ್ಮು. ಯುಗಾದಿ ಹೊತ್ಗೆ ಹೋಯ್ತದೆ."

ಮರೆತಿರಲಿಲ್ಲ. ಅಪ್ಪ ಕಾಯಿಲೆ ಬಿದ್ದಾಗ ಪಕ್ಕದ ಮನೆಯವರು ನಮ್ಮ ಮನೆಯ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಕೆಮ್ಮಿ ಕೆಮ್ಮಿ ಉಗಿದೆ. ಮರುದಿನವೂ ಉಗಿದೆ. ಸುಮಕ್ಕ ನನ್ನ ತಲೆ ಸವರಿ, ಸಂಜೆ ಬರುವಾಗ ಕಡಲೆಮಿಠಾಯಿ ತಂದುಕೊಟ್ಟಳು. ಒಂದು ಗುಟ್ಟಿನಲ್ಲಿ ನನ್ನನ್ನು ದೊಡ್ಡವಳಂತೆ ಸೇರಿಸಿಕೊಂಡಳಲ್ಲ ಎಂದು ನನಗೆ ಹೆಮ್ಮೆಯೇ ಆಗಿತ್ತು.

ಕಫದಲ್ಲಿ ಏನೂ ಇಲ್ಲ ಎಂದು ಬಂತು. ಅವ್ವ ಅವತ್ತು ಹಿದುಕಿದ ಬೇಳೆ ಸಾರು ಮಾಡಿ, ಜಯಕ್ಕನನ್ನೂ ಕೂರಿಸಿ ಬಡಿಸಿದಳು. "ನೋಡ್ದಾ? ನಿಮ್ ಮಾತ್ ಕೇಳಿ ಸುಮ್ಸುಮ್ನೆ ಇನ್ನೊಂದು ಸಲ ಕರೆಂಟು ಹೊಡೆಸ್ತಿದ್ದೆ." ಜಯಕ್ಕ ನಕ್ಕಳು. ಆದರೂ ಹೋಗುವಾಗ, "ಕೆಮ್ಮು ನಿಲ್ದಿದ್ರೆ ಹೇಳ್ರವ್ವ," ಎಂದಳು. ಯಾರೂ ಹೇಳಲಿಲ್ಲ. ಸುಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುವುದನ್ನು ಕಲಿತಿದ್ದಳು. ಕುಪ್ಪಸ ಸಡಿಲವಾಗುತ್ತಿತ್ತು. ಒಂದೊಂದು ಹೊಲಿಗೆ ಹಿಡಿದು ತಾನೇ ಬಿಗಿ ಮಾಡಿಕೊಳ್ಳುತ್ತಿದ್ದಳು.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿದವಳು ಮೇಲೇಳಲಿಲ್ಲ. ಅವ್ವ ಓಡಿದಳು. ಕಲ್ಲಿನ ಮೇಲೆ, ಸೋಪಿನ ನೊರೆಯ ಮೇಲೆ, ರಕ್ತ. ಅವ್ವ ಕೂಗಿಕೊಳ್ಳಲಿಲ್ಲ. ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿ, "ಮಂಜೀ, ಆಟೋ ಕರಿ," ಎಂದಳು.

ಆ ದಿನ ಅವ್ವ ಯಾವುದಕ್ಕೂ ಬೇಡವೆನ್ನಲಿಲ್ಲ. ಫೋಟೋ ತೆಗೆದರು. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿಂದಿನದರಲ್ಲಿ ಮೂಲೆಯಲ್ಲಿದ್ದ ಸಣ್ಣ ಬಿಳುಪು ಈಗ ಎರಡೂ ಕಡೆ ಹರಡಿತ್ತು. ನನಗೂ ಕಾಣುವಷ್ಟು.

"ಕಫದ ಪರೀಕ್ಷೆಯಲ್ಲಿ ಏನೂ ಬಂದಿರಲಿಲ್ಲವಲ್ಲ? ಎರಡು ಸಲ ನೋಡಿದ್ದಾರೆ. ಹೇಗೆ ತಪ್ಪಿತು?" ಎಂದು ಅವರು ಜಯಕ್ಕನನ್ನು ಕೇಳಿದರು. ತನ್ನಿಂದಲೇ ಏನೋ ಎಡವಟ್ಟಾಗಿದೆ ಎಂದುಕೊಂಡು ಅವಳು ಚೀಟಿಗಳನ್ನು ಹುಡುಕತೊಡಗಿದಳು.

ನನಗೆ ತಡೆಯಲಾಗಲಿಲ್ಲ. "ಅದು ನಂದು ಸಾರ್. ಡಬ್ಬೀಲಿದ್ದಿದ್ದು ನನ್ನ ಕಫ."

ಬೆಂಚಿನ ಮೇಲೆ ಮಲಗಿದ್ದ ಸುಮಕ್ಕ ಕೈ ಎತ್ತಿದಳು. "ಅವಳನ್ನ ಹೊಡೀಬೇಡ ಕಣವ್ವ. ನಾನೇ ಮಾಡ್ಸಿದ್ದು."

ಅವ್ವ ಹೊಡೆಯಲಿಲ್ಲ. ನನ್ನನ್ನು ನೋಡಿದಳು, ಅವಳನ್ನು ನೋಡಿದಳು. "ನಾನು ಫೋಟೋ ಬ್ಯಾಡ ಅಂದೆ. ನೀವು ಅದನ್ನ ಮಾಡುದ್ರಿ," ಎಂದಳು. ಅಷ್ಟೇ. ಆಮೇಲೆ ಗೋಡೆ ಹಿಡಿದು ನೆಲಕ್ಕೆ ಕೂತಳು.

ಮಾತ್ರೆ ಅವತ್ತೇ ಶುರುವಾಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ರಕ್ತ ನಿಂತ ಮೇಲೆ ಮನೆಗೆ ಕಳಿಸಿದರು. ಮುಂಬಾಗಿಲ ಕೋಣೆಯಲ್ಲಿ, ಕಿಟಕಿಗಳನ್ನೆಲ್ಲ ತೆರೆದು, ಅವಳಿಗೆ ಹಾಸಿಗೆ ಹಾಕಿದೆವು. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ನಾಲ್ಕು ತಿಂಗಳು ಆ ಅಂಗನವಾಡಿಯಲ್ಲಿ ಅವಳ ಜೊತೆ ಕೂತ ಮಕ್ಕಳನ್ನೆಲ್ಲ ಪರೀಕ್ಷೆ ಮಾಡಬೇಕು.

ಜಯಕ್ಕ ಆ ಹಳ್ಳಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಳು. ಅಂಗೈಯಗಲದ ಎದೆಯ ಕೂಸುಗಳಿಗೆ ಎಕ್ಸ್‌ರೇ ಎಂದರೆ ಯಾವ ತಾಯಿಯೂ ಒಪ್ಪಲಿಲ್ಲ. ಇದು ಕಿವಿಗೆ ಬಿದ್ದ ಮರುದಿನ ಅವ್ವ ತಲೆ ಬಾಚಿಕೊಂಡು, "ನಡಿ ಮಂಜೀ, ನೀನೂ ಬಾ," ಎಂದಳು. ಬಿಸಿಲಿನಲ್ಲಿ ಎರಡು ಮೈಲಿ ನಡೆದೆವು.

ಮೊದಲು ಹೋದದ್ದೇ ಪುಟ್ಟಲಕ್ಷ್ಮಿಯ ಮನೆಗೆ. ಅವಳ ತಾಯಿ ನಮ್ಮನ್ನು ಕಂಡವಳೇ ಮಗುವನ್ನು ಎಳೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಿನ್ ಮಗಳು ಹಚ್ಚಿದ್ದು ಸಾಲ್ದು ಅಂತ ಈಗ ನನ್ ಮಗೀಗೆ ಕರೆಂಟು ಹೊಡೆಸ್ಲಿ ಅಂತ ಬಂದ್ಯಾ? ಮಾನ ಐತಾ ನಿಂಗೆ?"

ಅವ್ವ ಹೊಸ್ತಿಲಾಚೆಯೇ ನಿಂತಿದ್ದಳು. "ನಾನೂ ಹಿಂಗೇ ಅಂದಿದ್ದೆ ಕಣವ್ವ. ಡಾಕ್ಟ್ರು ಕೈಮುಗಿಯೋದೊಂದು ಬಾಕಿ, ಆದ್ರೂ ನಾನು ಬ್ಯಾಡ ಅಂದೆ. ಅವತ್ತು ತೆಗೆಸಿದ್ರೆ ನನ್ ಮಗಳು ಎದ್ದು ಓಡಾಡೋಳು. ನಿನ್ ಮಗೀಗೂ ಈ ಪರೀಕ್ಷೆ ಬೇಕಾಯ್ತಿರ್ಲಿಲ್ಲ." ಒಂದು ಹೆಜ್ಜೆ ಮುಂದೆ ಬಂದಳು. "ಬೈಯಿ. ಎಷ್ಟು ಬೇಕಾದ್ರೂ ಬೈಯಿ. ಬಸ್ ಹತ್ತಿ ಬೈಯಿ, ನಿನ್ ಪಕ್ಕದಾಗೇ ಕೂತು ಬೈಸ್ಕೊತೀನಿ."

ಆ ಹೆಂಗಸು ಬಾಗಿಲು ಹಾಕಿಕೊಂಡಳು. ನಾವು ಮುಂದಿನ ಮನೆಗೆ ಹೋದೆವು. ಒಬ್ಬರು ನಾಯಿ ಛೂ ಬಿಟ್ಟರು. ಒಬ್ಬ ಅಜ್ಜಿ ನೀರು ಕೊಟ್ಟರು. ಅವ್ವ ಮರುದಿನವೂ ಹೋದಳು, ಅದರ ಮರುದಿನವೂ. ನಾಲ್ಕನೆಯ ದಿನ ಪುಟ್ಟಲಕ್ಷ್ಮಿಯ ತಾಯಿ ತಾನಾಗಿಯೇ ಬಸ್ ನಿಲ್ದಾಣಕ್ಕೆ ಬಂದು, ಮಗುವನ್ನು ಸೊಂಟಕ್ಕೇರಿಸಿಕೊಂಡು, ಅವ್ವನ ಮುಖ ನೋಡದೆ ನಿಂತಳು. ಅವಳು ಬಂದದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಮಕ್ಕಳು ಎಕ್ಸ್‌ರೇ ಕೋಣೆಯಲ್ಲಿ ಅಂಜಿ ಅಳುವಾಗ, ಸೊಂಟಕ್ಕೆ ಕಿರಣ ತಡೆಯುವ ಭಾರದ ಏಪ್ರನ್ ಕಟ್ಟಿಕೊಂಡು ಒಳಗೆ ನಿಂತು, ತಾಯಂದಿರ ಜೊತೆ ಅವ್ವನೂ ಕೈ ಹಿಡಿದುಕೊಂಡಳಂತೆ.

ಉಳಿದ ಮಕ್ಕಳೆಲ್ಲ ಚೆನ್ನಾಗಿದ್ದರು. ಪುಟ್ಟಲಕ್ಷ್ಮಿಯ ಎದೆಯಲ್ಲಿ ನೆರಳಿತ್ತು.

ಸುಮಕ್ಕ ದಿನವೂ ಕೇಳುತ್ತಿದ್ದಳು, ಇವತ್ತು ಯಾರು ಹೋದರು, ಏನಂದರು ಎಂದು. ಅವ್ವ, "ಎಲ್ಲಾ ಚೆನ್ನಾಗವೆ ಕಣೇ, ನೀನು ಗಂಜಿ ಕುಡಿ," ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ನೀರಿಗೆ ಹೋಗಿದ್ದಾಗ ಸುಮಕ್ಕ ನನ್ನನ್ನು ಕರೆದಳು. ಕೆನ್ನೆ ಒಳಗೆ ಹೋಗಿತ್ತು. ಕಣ್ಣುಗಳು ಮಾತ್ರ ದೊಡ್ಡವಾಗಿದ್ದವು.

"ಪುಟ್ಟಲಕ್ಷ್ಮಿಗೆ ಏನಂದ್ರು?"

ಅವ್ವ ಹೇಳಿದ್ದನ್ನೇ ಹೇಳಿದ್ದರೆ ಆಗುತ್ತಿತ್ತು. ಆದರೆ ಅವಳಿಗಾಗಿ ನಾನು ಒಂದು ಸುಳ್ಳಿಗೆ ಕೈಜೋಡಿಸಿ ಆಗಿತ್ತು. ಇನ್ನೊಂದಕ್ಕೆ ನಾಲಗೆ ಏಳಲಿಲ್ಲ.

"ಅವಳಿಗೂ ಐತಂತೆ ಅಕ್ಕ."

ಸುಮಕ್ಕ ಗೋಡೆಯ ಕಡೆ ತಿರುಗಿದಳು. ಬೆನ್ನುಮೂಳೆ ಒಂದೊಂದೂ ಎಣಿಸುವಂತೆ ಕಾಣುತ್ತಿತ್ತು. ಹಾಗೆಯೇ ಮಲಗಿಕೊಂಡು, "ಮಾತ್ರೆ ತಿಂತಾಳಾ?" ಎಂದಳು.

"ತಿಂತಾಳೆ. ಜಯಕ್ಕ ಬೆಲ್ಲದ ಜೊತೆ ಅರೆದು ಕೊಡ್ತಾಳೆ."

"ಉಗುಳಿಬಿಡ್ತಾಳೆ ಅದು, ಪಾಪರ್ ಮುಂಡೇದು. ಊದಿ ಊದಿ ತಿನ್ನಿಸ್ಬೇಕು ಅಂತ ಹೇಳು."

ಅದಾಗಿ ಒಂಬತ್ತು ದಿನಕ್ಕೆ, ಆಷಾಢದ ಮೊದಲ ವಾರ, ಬೆಳಿಗ್ಗೆ ಎಂಟರ ಹೊತ್ತಿಗೆ ಮತ್ತೆ ರಕ್ತ ಕಿತ್ತುಕೊಂಡಿತು. ಈ ಸಲ ಆಟೋ ಬರುವವರೆಗೂ ಅದು ಕಾಯಲಿಲ್ಲ. ಅವ್ವನ ತೊಡೆಯ ಮೇಲೆ ಸುಮಕ್ಕ ಹೋದಳು. ಹೊರಗೆ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಪುಟ್ಟಲಕ್ಷ್ಮಿ ಬದುಕಿದಳು. ಈಗ ಅರಸೀಕೆರೆಯ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾಳೆ. ಬಸ್ಸಿನಲ್ಲಿ ಸಿಕ್ಕರೆ ಎದ್ದು ನನಗೆ ಜಾಗ ಬಿಡುತ್ತಾಳೆ. ಒಮ್ಮೆ ಕೇಳಿದ್ದೆ, ಅಂಗನವಾಡಿಯ ಸುಮಕ್ಕ ನೆನಪಿದ್ದಾಳಾ ಎಂದು. "ಇಲ್ಲಕ್ಕ, ಅಮ್ಮ ಹೇಳ್ತಿರ್ತಾರೆ," ಎಂದು ಸಂಕೋಚದಿಂದ ನಕ್ಕಳು. ಮೂರು ವರ್ಷದ ಕೂಸಿಗೆ ನೆನಪಿರಬೇಕೆಂದು ನಾನಾದರೂ ಹೇಗೆ ಬಯಸಲಿ? ಆದರೂ ಇಳಿಯುವ ಸ್ಟಾಪು ಬರುವವರೆಗೆ ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಆ ವರ್ಷ ನಾನು ಕಳೆದುಕೊಂಡದ್ದು ಅಕ್ಕನನ್ನು ಮಾತ್ರ ಅಲ್ಲ. ಡಾಕ್ಟರ ಎದುರು ಎದ್ದು ನಿಂತು ಜಗಳವಾಡಿದ ಆ ಅವ್ವನೂ ಮತ್ತೆ ನನಗೆ ಸಿಗಲಿಲ್ಲ. ಕಾಲೇಜಿಗೆ ಹಾಸನಕ್ಕೆ ಹೋಗುತ್ತೇನೆಂದೆ. ನಿನ್ನಿಷ್ಟ ಕಣವ್ವ ಎಂದಳು. ನಾನೇ ಮೆಚ್ಚಿದವನನ್ನು ಮದುವೆಯಾಗುತ್ತೇನೆಂದೆ, ಬೇರೆ ಜಾತಿಯವನು. ಅದಕ್ಕೂ ಅದೇ ಮಾತು. ಬೇರೆಯವರು ನನ್ನ ಅದೃಷ್ಟ ಎಂದರು. ನನಗೆ ಮಾತ್ರ, ಒಮ್ಮೆಯಾದರೂ ಬಾಗಿಲಿಗೆ ಅಡ್ಡ ನಿಂತು ಬೈಯಬಾರದೇ ಎನ್ನಿಸುತ್ತಿತ್ತು.

ಹೋದ ವರ್ಷ ನನ್ನ ಮಗಳು ಯಾವುದೋ ಮಾತಿಗೆ ಹಟ ಹಿಡಿದು ಅಳುತ್ತಿದ್ದಳು. ನನಗೆ ಸಾಕಾಗಿ, "ನೀನಾದ್ರೂ ಬೇಡ ಅಂತ ಹೇಳವ್ವ, ನಿನ್ನ ಮಾತು ಕೇಳ್ತಾಳೆ," ಎಂದೆ.

ಅವ್ವ ಮೊಮ್ಮಗಳ ಕಣ್ಣು ಒರೆಸಿದಳು. ನನ್ನ ಕಡೆ ನೋಡದೆಯೇ, "ನಾನು ಬ್ಯಾಡ ಅಂದಿದ್ದು ಒಂದು ಸಲಕ್ಕೇ ಸಾಕಾಯ್ತು ಕಣೇ," ಎಂದಳು.