ವಿಭೂತಿ ಹಚ್ಚಿದ ಲೆನ್ಸು

ಮೊನ್ನೆ ಅಳಿಯ ಹುಬ್ಬಳ್ಳಿಯಿಂದ ಒಂದು ಹಳೆಯ ಲೆನ್ಸ್ ಕೊಂಡು ತಂದು, ನಿಧಿ ಸಿಕ್ಕವನ ಹಾಗೆ ನನ್ನ ಕೈಗಿಟ್ಟ. ಹಿತ್ತಾಳೆಯ ಉಂಗುರ, ಸುತ್ತ ಕೊರೆದ ಜರ್ಮನ್ ಅಕ್ಷರ. ಹಿಡಿದದ್ದೇ ತಡ, ನವಲಗುಂದದ ಆ ಸ್ಟುಡಿಯೋದವನ ನೆನಪಾಗಿ ಮೈ ಉರಿಯಿತು.

ಎಂಬತ್ತರ ದಶಕದ ಮಾತು. ಫೋಟೋ ತೆಗೆಸಲು ಹೋದವರು ಮೊದಲು ಅವನ ಲೆನ್ಸಿನ ವಂಶಾವಳಿ ಕೇಳಬೇಕಿತ್ತು. "ಒಳಗ ನಾಕು ಗಾಜು ಅದಾವ್ರಿ. ಹಿಂದಿನ ಎರಡನ್ನ ಗಿಡದ ಅಂಟು ಹಚ್ಚಿ ಕೂಡಿಸ್ಯಾರ. ನಮ್ಮಜ್ಜನ ಕಾಲದಾಗ ಜರ್ಮನಿಯವ್ರು ಹಾಕಿದ ಲೆಕ್ಕ, ಇವತ್ತಿಗೂ ಯಾರೂ ತಿದ್ದಿಲ್ರಿ." ಲೆನ್ಸಿನ ಬಗ್ಗೆ ನನ್ನ ತಕರಾರಿಲ್ಲ. ಕಣ್ಣರೆಪ್ಪೆಯ ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಮಾಡಿದವರು ಬುದ್ಧಿವಂತರು. ಬಂದು ಬಿದ್ದದ್ದು ಮಾತ್ರ ಇಂಥ ದಡ್ಡನ ಕೈಗೆ.

ಮಹಾನವಮಿಯ ದಿನ ನಮ್ಮೂರಲ್ಲಿ ಕೂರಿಗೆ, ಹೊಲಿಗೆ ಯಂತ್ರ, ಜಮಖಾನದ ಮಗ್ಗ, ಎಲ್ಲಕ್ಕೂ ವಿಭೂತಿ ಹಚ್ಚಿ ಪೂಜಿಸುವುದು ರೂಢಿ. ಈ ಮಹಾಶಯನೂ ಕ್ಯಾಮೆರಾಕ್ಕೆ ಪೂಜೆ ಮಾಡಿದ. ಪೆಟ್ಟಿಗೆಗೆ ಹಚ್ಚಿದ್ದರೆ ಸಾಕಿತ್ತು. ನೇರ ಗಾಜಿನ ಮೇಲೇ ಮೂರು ಗೆರೆ ಎಳೆದ! ಮರುದಿನ ಒಣಗಿದ್ದನ್ನು ಧೋತರದ ಚುಂಗಿನಿಂದ ಗಸಗಸ ತಿಕ್ಕಿದ.

ಅದೇ ದಿನ ಅವ್ವ ತೀರಿಕೊಂಡಳು. ಬದುಕಿದ್ದಾಗ ಅವಳದೊಂದು ಫೋಟೋ ತೆಗೆಸಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಮಣ್ಣು ಕೊಡುವ ಮೊದಲು ಫೋಟೋ ತೆಗೆಸುತ್ತೇವೆ. ಅಪ್ಪ ಅವನನ್ನೇ ಕರೆಸಿದ.

"ಇದೊಂದ ಫೋಟೋ ಉಳಿಯೂದು. ಮಾರಿ ಚಂದಂಗ ಕಾಣ್ಬೇಕ್ ನೋಡಪಾ."

"ನಮ್ಮ ಲೆನ್ಸ್ ಐತ್ರಿ, ಚಿಂತಿ ಬ್ಯಾಡ," ಎಂದು ಅವನು ಬಿಸಿಲಿಗೆ ಎದುರಾಗಿ ನಿಂತು ಒತ್ತಿದ.

ಅಪ್ಪನೊಂದಿಗೆ ಸ್ಟುಡಿಯೋಕ್ಕೆ ಹೋಗಿ ನೋಡಿದರೆ, ಫೋಟೋದಲ್ಲಿ ಹಾರದ ಗುರುತಿತ್ತು, ಸೀರೆಯ ಕರಿ ಅಂಚಿತ್ತು. ಮುಖದ ಜಾಗದಲ್ಲಿ ಬರೀ ಬಿಳಿ ಮಬ್ಬು... ಲೆನ್ಸ್ ಕಸಿದುಕೊಂಡು ನೋಡಿದೆ. ಗಾಜಿನ ತುಂಬ ಗೀರು, ಅಂಚಿನಲ್ಲಿ ಇನ್ನೂ ವಿಭೂತಿ. ಅಪ್ಪನಿಗೆ ಆ ನಿರ್ಲಜ್ಜ ಹೇಳಿದ್ದೇನು ಗೊತ್ತೇ?

"ಪೂಜಾ ಮಾಡಿದ ಲೆನ್ಸಿಗೆ ಏನಾಗತೈತ್ರಿ? ಶಿವನ ಪಾದ ಸೇರಿದವರ ಮಾರಿ ಹಿಂಗ ಬರೂದು."

ಅಪ್ಪ ನಂಬಿದ. ಫೋಟೋ ಕಣ್ಣಿಗೊತ್ತಿಕೊಂಡು ಅವನಿಗೆ ಕೈ ಮುಗಿದ.

ಆ ಸ್ಟುಡಿಯೋದವನೂ ಸತ್ತು ಎಷ್ಟೋ ವರ್ಷವಾಯಿತು. ಒಂದು ಹನಿ ಕಣ್ಣೀರು ಹಾಕಲಿಲ್ಲ ನಾನು. ಅವ್ವ ಹೋದಾಗ ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಈಚೆಗೆ ಬಂದವಳು ಆ ಫೋಟೋದ ಮುಂದೆ ಬಹಳ ಹೊತ್ತು ನಿಂತು, "ಅಣ್ಣಾ, ಅವ್ವನ ಮೂಗು ನನ್ನಂಗ ಇತ್ತೇನು?" ಎಂದು ಕೇಳಿದಳು.

"ಹೌದವಾ, ಅಗದಿ ನಿನ್ನಂಗ," ಎಂದೆ.

ಹೇಗಿತ್ತೋ... ನನಗೂ ಮರೆತುಹೋಗಿದೆ.